ದಿಮ್ಮಿ ಹೋದ ಮೇಲಿನ ಕಾಡು

ಬೋರ್ನಿಯೋ ದ್ವೀಪದಲ್ಲಿರುವ ಮಲೇಷ್ಯಾದ ಸಬಾ ರಾಜ್ಯದ ಡಾನಂ ಕಣಿವೆಯಲ್ಲಿ ಒಂದು ಮೆರಾಂಟಿ ಮರ 100.8 ಮೀಟರ್ ಎತ್ತರಕ್ಕೆ ಬೆಳೆದು ನಿಂತಿದೆ. 2019ರಲ್ಲಿ ತುದಿಯವರೆಗೂ ಹತ್ತಿ, ಟೇಪು ಇಳಿಬಿಟ್ಟು ಅಳೆದ ಲೆಕ್ಕ ಇದು. ನಮ್ಮ ಘಟ್ಟದ ಸಾಲುಧೂಪ, ಕಿರಾಲುಬೋಗಿಗಳೂ ಇದೇ ಕುಟುಂಬದವು. ಬೋರ್ನಿಯೋದಲ್ಲಿ ಈ ಕುಟುಂಬಕ್ಕೆ ಮುಳುವಾದದ್ದು ಪ್ಲೈವುಡ್ಡಿಗೆ ಹೇಳಿ ಮಾಡಿಸಿದಂತಿರುವ ಅದರ ನೆಟ್ಟನೆಯ ಕಾಂಡ. 1970-80ರ ದಶಕಗಳಲ್ಲಿ ಸಬಾದ ಕಾಡು ದಿಮ್ಮಿಗಳಾಗಿ ಹಡಗು ಹತ್ತಿತು.

ಬಹುಪಾಲು ಕಡೆ ಕಾಡನ್ನು ಬೋಳಿಸಲಿಲ್ಲ, ದಪ್ಪ ಮರಗಳನ್ನು ಆಯ್ದು ಕಡಿದರು. ಹೆಕ್ಟೇರಿಗೆ ಸುಮಾರು ಹತ್ತು ಮರ. ಕೇಳಲು ಇದೇನೂ ಹೆಚ್ಚಲ್ಲ. ಆದರೆ ಮಳೆಕಾಡಿನಲ್ಲಿ ದಪ್ಪ ಬಳ್ಳಿಗಳು ನೆತ್ತಿಯಿಂದ ನೆತ್ತಿಗೆ ಹಬ್ಬಿ ನಾಲ್ಕಾರು ಮರಗಳನ್ನು ಒಂದಕ್ಕೊಂದು ಬಿಗಿದಿರುತ್ತವೆ. ಒಂದು ಉರುಳಿದರೆ ಅಕ್ಕಪಕ್ಕದವನ್ನೂ ಎಳೆದುಕೊಂಡೇ ಬೀಳುತ್ತದೆ. ಬುಲ್ಡೋಜರ್ ದಿಮ್ಮಿ ಎಳೆದ ದಾರಿಯ ಮಣ್ಣು ಗಟ್ಟಿಯಾಗಿ ನೀರು ಇಂಗುವುದಿಲ್ಲ; ಮಳೆ ಬಂತೆಂದರೆ ಹಳ್ಳಗಳಲ್ಲಿ ರಾಡಿ. 1990ರ ದಶಕದಲ್ಲಿ ಅಲ್ಲೇ ಒಂದು ಪ್ರಯೋಗ ನಡೆಯಿತು: ಮುಂಚೆಯೇ ಬಳ್ಳಿ ಕತ್ತರಿಸಿ, ಮರ ಯಾವ ಕಡೆ ಬೀಳಬೇಕು, ಬುಲ್ಡೋಜರ್ ಎಲ್ಲಿ ಓಡಾಡಬೇಕು ಎಂದು ಗೊತ್ತುಮಾಡಿ ಕಡಿದರು. ಒಂದು ವರ್ಷದ ನಂತರ ನೋಡಿದರೆ, ಮಾಮೂಲಿ ಕಡಿತವಾದಲ್ಲಿ ಸಸ್ಯರಾಶಿ ಶೇ 44ಕ್ಕೆ ಇಳಿದಿತ್ತು, ಎಚ್ಚರದಿಂದ ಕಡಿದಲ್ಲಿ ಶೇ 67 ಉಳಿದಿತ್ತು. ಶಿರಸಿ ಬಳಿಯ ಸಾಲ್ಕಣಿಯವರು 1983ರಲ್ಲಿ ಮರ ಅಪ್ಪಿಕೊಂಡು ನಿಂತಾಗ ಅವರ ತಕರಾರುಗಳಲ್ಲಿ ಇದೂ ಒಂದು: ಗುರುತು ಹಾಕಿದ ಮರದ ಜೊತೆ ಗುರುತಿಲ್ಲದವೂ ಹೋಗುತ್ತಿವೆ.

ನನಗೆ ಇದಕ್ಕಿಂತ ಕಳವಳ ಹುಟ್ಟಿಸುವುದು ಬೀಜದ ಸಂಗತಿ. ಬೋರ್ನಿಯೋದ ಈ ಮರಗಳು ವರ್ಷವೂ ಹೂ ಬಿಡುವುದಿಲ್ಲ. ಹಲವು ವರ್ಷಗಳಿಗೊಮ್ಮೆ, ಹೆಚ್ಚಾಗಿ ಎಲ್ ನಿನೋ ತರುವ ಒಣಹವೆಯ ಬೆನ್ನಿಗೆ, ಹತ್ತಾರು ಜಾತಿಗಳು ಒಟ್ಟಿಗೇ ಹೂತು ಕಾಯಿ ಸುರಿಸುತ್ತವೆ. ಕಾಡುಹಂದಿಗಳು ಎಷ್ಟೇ ತಿಂದರೂ ಒಂದಿಷ್ಟು ಮಿಗುವಷ್ಟು. ರೆಕ್ಕೆ ಕಟ್ಟಿಕೊಂಡ ಕಾಯಿ ಗಿರಗಿರ ತಿರುಗುತ್ತ ಇಳಿಯುತ್ತದೆ. ನೆಲ ಮುಟ್ಟಿದ ಕೆಲವೇ ದಿನಗಳಲ್ಲಿ ಮೊಳೆಯಬೇಕು, ಇಲ್ಲವೇ ಸಾಯಬೇಕು. ಮಣ್ಣಿನಲ್ಲಿ ವರ್ಷಗಟ್ಟಲೆ ಕಾದು ಕೂರುವ ತಾಕತ್ತು ಅದಕ್ಕಿಲ್ಲ. ತಾಯಿಮರಗಳೇ ಕಡಿಮೆಯಾದರೆ ತಿಂದು ಮಿಗುವ ಮಾತೆಲ್ಲಿ? ಅದೇ ದ್ವೀಪದ ಇಂಡೊನೇಷ್ಯಾ ಭಾಗದಲ್ಲಿರುವ ಗುನುಂಗ್ ಪಾಲುಂಗ್ ರಾಷ್ಟ್ರೀಯ ಉದ್ಯಾನದಲ್ಲಿ ಲೀಸಾ ಕರನ್ ಮತ್ತು ಸಂಗಡಿಗರು 1998ರಲ್ಲಿ ಕಂಡದ್ದು ಇದನ್ನೇ. ಉದ್ಯಾನದೊಳಗೆ ಮರಗಳೇನೋ ಇದ್ದವು, ಕಾಯಿಯೂ ಬಿದ್ದಿತ್ತು. ಸುತ್ತಲ ಕಾಡು ಕಡಿತಕ್ಕೆ ಸಿಕ್ಕಿದ್ದರಿಂದ ಹೊರಗಿನ ಪ್ರಾಣಿಗಳೂ ಒಳನುಗ್ಗಿ ಬೀಜ ಮುಗಿಸಿದವು. ಸಸಿ ಏಳಲಿಲ್ಲವೆಂದೇ ಹೇಳಬೇಕು.

ಹಾಗೆಂದು ಕಡಿದ ಕಾಡು ಸತ್ತ ಕಾಡಲ್ಲ. ಬಿಸಿಲು ನೆಲ ಮುಟ್ಟಿದ ಕಡೆ ನಮ್ಮ ಉಪ್ಪಳಿಗೆಯ ಬಂಧುಗಳು ಸರಸರನೆ ಏಳುತ್ತವೆ. ಬೇಗ ಬೆಳೆಯುವ ಇಂಥ ಗಿಡಗಳ ಎಲೆ ತಿನ್ನಲು ಸುಲಭ, ಬಾಯಿಗೆ ಎಟಕುವ ಎತ್ತರವೂ ಹೌದು. ಸಬಾದಲ್ಲಿ ಕೆಲಸ ಮಾಡಿದ ಯದ್ವಿಂದರ್ ಮಲ್ಹಿ ಮತ್ತಿತರರು 2022ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಹಕ್ಕಿ ಮತ್ತು ಸಸ್ತನಿಗಳ ಹೊಟ್ಟೆ ಸೇರುವ ಆಹಾರಶಕ್ತಿ ಹಳೆಯ ಕಾಡಿಗಿಂತ ಕಡಿದ ಕಾಡಿನಲ್ಲೇ ಸುಮಾರು ಎರಡೂವರೆ ಪಟ್ಟು! ಇಂಗಾಲದ ಖಾತೆ ಮಾತ್ರ ನಷ್ಟದಲ್ಲೇ ಇದೆ. ಎಳೆ ಮರಗಳು ಭರದಿಂದ ಬೆಳೆಯುತ್ತಿದ್ದರೂ, ಬಿಟ್ಟುಹೋದ ಕೊಂಬೆರೆಂಬೆ ಕೊಳೆತು, ಕದಡಿದ ಮಣ್ಣು ಉಸಿರಾಡಿ, ಕಾಡು ಹೀರುವುದಕ್ಕಿಂತ ಹೆಚ್ಚು ಇಂಗಾಲವನ್ನು ಕನಿಷ್ಠ ಹತ್ತು ವರ್ಷ ಗಾಳಿಗೆ ಬಿಡುತ್ತಿರುತ್ತದೆ ಎಂದು ಅದೇ ಸೀಮೆಯ 2023ರ ಅಧ್ಯಯನವೊಂದು ತೋರಿಸಿತು.

ಸಬಾದಲ್ಲಿ ಎರಡೆರಡು ಸಲ ಕಡಿದ ಕಾಡಿನಲ್ಲೂ ಹಳೆಯ ಕಾಡಿನ ಹಕ್ಕಿ ಮತ್ತು ಸಗಣಿಹುಳುಗಳ ಮುಕ್ಕಾಲು ಪಾಲಿಗೂ ಮಿಕ್ಕ ಜಾತಿಗಳು ಸಿಕ್ಕಿವೆ. ಆದರೂ ಇಂಥ ಕಾಡಿಗೆ ಕಡತದಲ್ಲಿ ‘ಹಾಳುಬಿದ್ದದ್ದು’ ಎಂಬ ಹಣೆಪಟ್ಟಿ ಬಿದ್ದರೆ ಸಾಕು, ತಾಳೆಎಣ್ಣೆ ತೋಟಕ್ಕೆ ಬಿಟ್ಟುಕೊಡಲು ಯಾರೂ ಅಳುಕುವುದಿಲ್ಲ. ಮಲ್ಹಿ ಮತ್ತಿತರರು ತಾಳೆ ತೋಟಗಳಲ್ಲೂ ಅಳತೆ ಮಾಡಿದ್ದರು. ಅಲ್ಲಿ ಆಹಾರಶಕ್ತಿಯ ಹರಿವು ಕುಸಿದಿತ್ತು, ಉಳಿದ ಚೂರುಪಾರು ಕೆಲವೇ ಜಾತಿಗಳ ಪಾಲಾಗಿತ್ತು.