ಅಂತೆ-ಕಂತೆಗಳ ಇಂಗ್ಲಿಷ್

ಮನೆಯಲ್ಲಿ ಅಮ್ಮ ‘ನಾಳೆ ಮಳೆ ಬರುತ್ತಂತೆ’ ಎಂದಾಗ ಆ ಮಾತಿನ ಹೊಣೆ ಅಮ್ಮನದಲ್ಲ; ಯಾರೋ ಹೇಳಿದ್ದನ್ನು ಮುಟ್ಟಿಸಿದರು, ಅಷ್ಟೆ. ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ, ಪ್ರಬಂಧದಲ್ಲಿ ನಮ್ಮ ಯುವಮಿತ್ರರು ಬಳಸುವ ‘ಇಟ್ ಈಸ್ ಸೆಡ್ ದಟ್’, ‘ಇಟ್ ಈಸ್ ಬಿಲೀವ್ಡ್ ದಟ್’ ಮಾಡುವುದೂ ಇದೇ ಕೆಲಸವನ್ನು. ಮಾತು ಕೇಳಿಸುತ್ತದೆ, ಆಡಿದವರು ಕಾಣಿಸುವುದಿಲ್ಲ.

ಅಪಾಯವಿರುವುದೂ ಇಲ್ಲೇ. ಚೀನಾದ ಮಹಾಗೋಡೆ ಚಂದ್ರನಿಂದ ಕಾಣುತ್ತದೆಂದು ‘ನಂಬಲಾಗಿದೆ’ ಎಂದರೆ ವಾಕ್ಯ ಸುಳ್ಳಲ್ಲ, ನಂಬಿಕೆ ಸುಳ್ಳು. 2003ರಲ್ಲಿ ಭೂಮಿಯನ್ನು ಸುತ್ತಿ ಬಂದ ಚೀನಾದ ಗಗನಯಾತ್ರಿ ಯಾಂಗ್ ಲಿವೈ, ಅಷ್ಟು ಸಮೀಪದಿಂದಲೂ ತಮಗೆ ಗೋಡೆ ಕಾಣಲಿಲ್ಲವೆಂದರು.

ಹಾಗೆಂದು ಈ ಪ್ರಯೋಗಗಳನ್ನು ಕೈಬಿಡಬೇಕಿಲ್ಲ. ಎದುರು ಪಕ್ಷದ ವಾದವನ್ನು ಯಾರ ಹೆಸರೂ ಎತ್ತದೆ, ಸಭ್ಯವಾಗಿ ಮುಂದಿಡಲು ‘ಇಟ್ ಈಸ್ ಆರ್ಗ್ಯೂಡ್ ದಟ್’ ಒಳ್ಳೆಯ ಆರಂಭ. ಅದರ ಬೆನ್ನಿಗೇ ನಿಮ್ಮ ಉತ್ತರ, ಆಧಾರ ಬರಲಿ. ‘ಸೆಡ್’ ಕೇಳಿದ ಮಾತಿಗೆ, ‘ಬಿಲೀವ್ಡ್’ ನಂಬಿಕೆಗೆ, ‘ನೋನ್’ ಸಾಬೀತಾದದ್ದಕ್ಕೆ ಎಂಬ ಭೇದ ನೆನಪಿರಲಿ. ‘ಹೇಳಿದವರು ಯಾರು?’ ಎಂದು ತೀರ್ಪುಗಾರರು ಕೇಳಿದರೆ ಹೆಸರು ನಾಲಗೆಯ ತುದಿಯಲ್ಲಿರಬೇಕು.

ನಿಮ್ಮದೇ ಅಭಿಪ್ರಾಯವಾದರೆ ‘ಐ ಥಿಂಕ್’ ಎನ್ನಲು ಅಂಜದಿರಿ. ಇಲ್ಲದಿದ್ದರೆ ವಾದ ಅಂತೆ-ಕಂತೆಗಳ ಸಂತೆಯಾದೀತು!