ಅಪ್ಪಯ್ಯನ ಪ್ರಶ್ನೆ ಮತ್ತು ದುಬೈ ಶಾಲೆಗಳು

ಕಳೆದ ವಾರ ಊರಿಗೆ ಫೋನ್ ಮಾಡಿದಾಗ ಮಾತು ಮಗಳ ಶಾಲೆ ಫೀಸಿನ ಕಡೆ ತಿರುಗಿತು. ಮೂರು ಕಂತಿನಲ್ಲಿ ಕಟ್ಟುವುದು, ಬಸ್ಸಿಗೆ ಬೇರೆ, ಪುಸ್ತಕಕ್ಕೆ ಬೇರೆ, ಯೂನಿಫಾರ್ಮ್‌ಗೆ ಬೇರೆ ಅಂತ ನಾನು ಲೆಕ್ಕ ಒಪ್ಪಿಸುತ್ತಿದ್ದೆ. ಅಪ್ಪಯ್ಯ ಎಲ್ಲ ಕೇಳಿಸಿಕೊಂಡು ಕೊನೆಗೆ ಒಂದೇ ಮಾತು ಕೇಳಿದರು: "ಅಲ್ಲ ಮಾರಾಯ, ಅಷ್ಟು ದುಡ್ಡಿರುವ ದೇಶದಲ್ಲಿ ಒಂದು ಸರ್ಕಾರಿ ಶಾಲಿ ಇಲ್ಯಾ?"

ಅಪ್ಪಯ್ಯ ಕುಂದಾಪುರದ ಕಡೆಯ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಮುಖ್ಯೋಪಾಧ್ಯಾಯರಾಗಿ ನಿವೃತ್ತರಾದವರು. ಶಾಲೆ ಅಂದ್ರೆ ಅವರಿಗೆ ಬರೀ ಪಾಠವಲ್ಲ. ಬಿಇಓ ಕಛೇರಿ, ಸಿಆರ್‌ಪಿ ಭೇಟಿ, ಅಕ್ಷರ ದಾಸೋಹದ ಅಕ್ಕಿ ಲೆಕ್ಕ, ಎಸ್‌ಡಿಎಂಸಿ ಮೀಟಿಂಗು, ಸೋರುವ ಮಾಡಿನ ಅರ್ಜಿ, ಎಲ್ಲ ಸೇರಿ ಶಾಲೆ. ಹಾಗಾಗಿ "ಇದೆ ಅಪ್ಪಯ್ಯ, ಆದರೆ ನಮಗಲ್ಲ" ಅಂದ ಕೂಡಲೇ ಅವರ ಮುಂದಿನ ಪ್ರಶ್ನೆ ಸಿದ್ಧವಾಗಿತ್ತು. "ಹಾಗಾದರೆ ನಿಮ್ಮ ಮಕ್ಕಳ ಶಾಲೆ ನಡೆಸೋರು ಯಾರು? ತಪ್ಪಾದರೆ ಯಾರ ಹತ್ರ ಹೇಳ್ತೀರಿ?"

ನಿಜ ಹೇಳಬೇಕೆಂದರೆ ಇಷ್ಟು ವರ್ಷ ಇಲ್ಲಿದ್ದೂ ಈ ಪ್ರಶ್ನೆಯನ್ನು ನಾನು ಸರಿಯಾಗಿ ಕೇಳಿಕೊಂಡಿರಲಿಲ್ಲ. ಅವರಿಗೆ ಫೋನಿನಲ್ಲಿ ಕೊಟ್ಟ ಉತ್ತರ ಅರ್ಧಂಬರ್ಧ. ಪೂರ್ತಿ ಉತ್ತರ ಇಲ್ಲಿ ಬರೆಯುತ್ತಿದ್ದೇನೆ. ಹೊಸದಾಗಿ ಸಂಸಾರ ಕರೆಸಿಕೊಳ್ಳುವ ಗೆಳೆಯರಿಗೂ ಉಪಯೋಗವಾದೀತು.

ಮುತ್ತಿನ ವ್ಯಾಪಾರಿಯ ಶಾಲೆ

ದೇರಾದ ಅಲ್ ರಾಸ್ ಗಲ್ಲಿಗಳಲ್ಲಿ ಮಸಾಲೆ ಮಾರ್ಕೆಟ್ ದಾಟಿ ಒಳಗೆ ಹೋದರೆ ಅಹ್ಮದೀಯ ಶಾಲೆ ಸಿಗುತ್ತದೆ. ಈಗ ಅದು ಮ್ಯೂಸಿಯಂ. 1912ರಲ್ಲಿ ಒಬ್ಬ ಮುತ್ತಿನ ವ್ಯಾಪಾರಿ ಕಟ್ಟಿಸಿದ್ದು, ದುಬೈನ ಮೊದಲ ಕ್ರಮಬದ್ಧ ಶಾಲೆ ಅದೇ. ಮುತ್ತಿನ ವ್ಯಾಪಾರ ಬಿದ್ದಾಗ ಇಂಥ ಶಾಲೆಗಳಿಗೂ ಏಟು ಬಿತ್ತು. ಆಮೇಲೆ ಕುವೈತ್, ಈಜಿಪ್ಟ್‌ಗಳಿಂದ ಮೇಷ್ಟ್ರುಗಳು ಬಂದರು, ಪಠ್ಯಪುಸ್ತಕಗಳೂ ಹೊರಗಿನಿಂದಲೇ ಬಂದವು. 1971ರ ಡಿಸೆಂಬರ್ 2ರಂದು ಒಕ್ಕೂಟ ಹುಟ್ಟಿದ ಮೇಲೆಯೇ ಇಡೀ ದೇಶಕ್ಕೆ ಒಂದು ಶಿಕ್ಷಣ ಸಚಿವಾಲಯ ಬಂದದ್ದು.

ಇಲ್ಲೊಂದು ಸ್ವಾರಸ್ಯ ನೋಡಿ. ದುಬೈನ ಇಂಡಿಯನ್ ಹೈಸ್ಕೂಲ್ ಶುರುವಾದದ್ದು 1961ರಲ್ಲಿ. ಅಂದರೆ ಯು.ಎ.ಇ. ಎಂಬ ದೇಶಕ್ಕಿಂತ ಈ ಭಾರತೀಯ ಶಾಲೆ ಹತ್ತು ವರ್ಷ ದೊಡ್ಡದು! ನಮ್ಮವರು ಇಲ್ಲಿ ಯಾರಾದರೂ ಶಾಲೆ ಕಟ್ಟಿಕೊಡಲಿ ಅಂತ ಕಾದವರಲ್ಲ.

ಸರ್ಕಾರಿ ಶಾಲೆ ಹೇಗಿದೆ?

ಸರ್ಕಾರಿ ಶಾಲೆ ಇಲ್ಲಿನ ನಾಗರಿಕರಿಗೆ ಪೂರ್ತಿ ಉಚಿತ. ಮುಖ್ಯ ಮಾಧ್ಯಮ ಅರಬ್ಬಿ. ಕಿಂಡರ್‌ಗಾರ್ಟನ್ ಆದಮೇಲೆ ಮೂರು 'ಸೈಕಲ್'ಗಳು: 1ರಿಂದ 4ನೇ ತರಗತಿ ಮೊದಲನೆಯದು, 5ರಿಂದ 8 ಎರಡನೆಯದು, 9ರಿಂದ 12 ಮೂರನೆಯದು. ದೊಡ್ಡ ತರಗತಿಗಳಲ್ಲಿ ಹುಡುಗರಿಗೆ ಬೇರೆ ಶಾಲೆ, ಹುಡುಗಿಯರಿಗೆ ಬೇರೆ. 2025-26ರಿಂದ ಕಿಂಡರ್‌ಗಾರ್ಟನ್‌ನಿಂದ 12ನೇ ತರಗತಿಯವರೆಗೂ ಕೃತಕ ಬುದ್ಧಿಮತ್ತೆ ಒಂದು ಪಾಠವಾಗಿ ಸೇರಿದೆ. ಇದನ್ನು ಹೇಳಿದಾಗ ಅಪ್ಪಯ್ಯ ನಕ್ಕುಬಿಟ್ಟರು. ಅವರ ಶಾಲೆಗೆ ಬಂದ ಮೊದಲ ಕಂಪ್ಯೂಟರನ್ನು ಇಲಿ ಕಡಿಯಬಾರದು ಅಂತ ಬೀರುವಿನಲ್ಲಿ ಬೀಗ ಹಾಕಿ ಇಟ್ಟಿದ್ದರಂತೆ.

ನಮ್ಮಲ್ಲಿ ಜಿಲ್ಲೆಗೊಬ್ಬ ಡಿಡಿಪಿಐ, ಕೆಳಗೆ ಬಿಇಓ, ಅವರ ಕೆಳಗೆ ಕ್ಲಸ್ಟರ್ ಇದ್ದ ಹಾಗೆ ಇಲ್ಲಿ ಹಿಂದೆ ಸಚಿವಾಲಯದ ಕೆಳಗೆ 'ಎಜುಕೇಶನಲ್ ಝೋನ್'ಗಳಿದ್ದವು. ದುಬೈಗೊಂದು, ಶಾರ್ಜಾಕ್ಕೊಂದು, ಹೀಗೆ. ಅಬುಧಾಬಿ ಮಾತ್ರ ತನ್ನ ದಾರಿ ಹಿಡಿಯಿತು. 2005ರಲ್ಲಿ ಅದು ತನ್ನದೇ ಎಜುಕೇಶನ್ ಕೌನ್ಸಿಲ್ ಮಾಡಿಕೊಂಡಿತು. ಎಲ್ಲರೂ 'ಅಡೆಕ್' ಅನ್ನುತ್ತಿದ್ದದ್ದು ಇದನ್ನೇ. 2006ರಲ್ಲಿ ಕೆಲವು ಸರ್ಕಾರಿ ಶಾಲೆಗಳಿಗೆ ವಿದೇಶಿ ಕಂಪನಿಗಳನ್ನು ಕರೆಸಿ ಕೂರಿಸಿದರು. 2010ರಲ್ಲಿ 'ನ್ಯೂ ಸ್ಕೂಲ್ ಮಾಡೆಲ್' ಅಂತ ಸಣ್ಣ ಮಕ್ಕಳಿಗೆ ಗಣಿತ, ವಿಜ್ಞಾನ ಇಂಗ್ಲಿಷಿನಲ್ಲಿ ಶುರುವಾಯಿತು, ಅದಕ್ಕೆಂದೇ ಅಮೆರಿಕ, ಬ್ರಿಟನ್, ಐರ್ಲೆಂಡ್ ಕಡೆಯಿಂದ ಟೀಚರುಗಳನ್ನು ಕರೆಸಿದರು. 2017ರಲ್ಲಿ ಮತ್ತೆ ಬದಲಾವಣೆ: ಇಡೀ ದೇಶದ ಸರ್ಕಾರಿ ಶಾಲೆಗಳಿಗೆ ಒಂದೇ 'ಎಮಿರಾತಿ ಸ್ಕೂಲ್' ಮಾದರಿ ಬಂತು. ಕೌನ್ಸಿಲ್ ಹೋಗಿ 'ಶಿಕ್ಷಣ ಮತ್ತು ಜ್ಞಾನ ಇಲಾಖೆ' ಆಯಿತು, 'ಅಡೆಕ್' ಅನ್ನುವ ಕರೆಯುವ ಹೆಸರು ಮಾತ್ರ ಹಾಗೇ ಉಳಿಯಿತು! ಅದಕ್ಕೆ ಮೊದಲೇ, 2016ರಲ್ಲಿ, ಸರ್ಕಾರಿ ಶಾಲೆಗಳನ್ನು ದಿನನಿತ್ಯ ನಡೆಸುವ ಕೆಲಸಕ್ಕೆ 'ಎಮಿರೇಟ್ಸ್ ಸ್ಕೂಲ್ಸ್ ಎಸ್ಟಾಬ್ಲಿಷ್‌ಮೆಂಟ್' ಎಂಬ ಬೇರೆ ಸಂಸ್ಥೆ ಹುಟ್ಟಿತ್ತು. ನೀತಿ ರೂಪಿಸುವವರು ಬೇರೆ, ನಡೆಸುವವರು ಬೇರೆ ಇರಲಿ ಎಂಬ ಲೆಕ್ಕಾಚಾರ.

ಹನ್ನೆರಡು ವರ್ಷದಲ್ಲಿ ಇಷ್ಟು ಬದಲಾವಣೆ. ದುಡ್ಡಿದ್ದರೆ ಬೇಗ ಮಾಡಬಹುದು, ಬೇಗ ಬಿಚ್ಚಿ ಮತ್ತೆ ಕಟ್ಟಲೂಬಹುದು. ಆದರೆ ಮಗು ಒಂದನೇ ಕ್ಲಾಸು ಕಲಿಯುವುದು ಒಂದೇ ಸಲ ಅಲ್ಲವೇ?

ನಮ್ಮಂಥವರಿಗೆ ಈ ಶಾಲೆಯ ಬಾಗಿಲು ಪೂರ್ತಿ ಮುಚ್ಚಿಲ್ಲ. 2006ರ ನಿಯಮದ ಪ್ರಕಾರ ಪರದೇಶದವರ ಮಕ್ಕಳನ್ನು ವರ್ಷಕ್ಕೆ 6000 ದಿರ್ಹಮ್ ಫೀಸಿನ ಮೇಲೆ ಸೇರಿಸಿಕೊಳ್ಳಬಹುದು, ಒಂದು ಶಾಲೆಯ ಒಟ್ಟು ಮಕ್ಕಳಲ್ಲಿ 20% ಮೀರದಂತೆ. ಆದರೆ ಅರಬ್ಬಿ ಮಾಧ್ಯಮದಲ್ಲಿ ಓದಿದ ಮಗು ನಾಳೆ ಉಡುಪಿಗೋ ದಾವಣಗೆರೆಗೋ ವಾಪಸು ಹೋದರೆ ಏನು ಮಾಡುವುದು? ಹಾಗಾಗಿ ಇದರಲ್ಲಿ ಲಾಭ ಇರುವುದು ಬಹುತೇಕ ಅರಬ್ಬಿ ಮಾತಾಡುವ ಮನೆಗಳಿಗೆ.

ಹಾಗಾದರೆ ನಮ್ಮ ಶಾಲೆ?

ದುಬೈ ಅಂದರೆ ಖಾಸಗಿ ಶಾಲೆಗಳ ಊರು. 2024-25ರಲ್ಲಿ ಇಲ್ಲಿನ 227 ಖಾಸಗಿ ಶಾಲೆಗಳಲ್ಲಿ 3.87 ಲಕ್ಷ ಮಕ್ಕಳು ಓದುತ್ತಿದ್ದರು. ಬ್ರಿಟಿಷ್ ಪಠ್ಯಕ್ರಮದ್ದು ಮೊದಲ ಸ್ಥಾನ, ಎರಡನೆಯದು ನಮ್ಮ ಭಾರತೀಯ ಪಠ್ಯಕ್ರಮ. ಇಷ್ಟು ದೊಡ್ಡ ನಗರದಲ್ಲಿ ಸರ್ಕಾರ ಬಹುಪಾಲು ಮಕ್ಕಳಿಗೆ ತಾನೇ ಶಾಲೆ ನಡೆಸುವುದಿಲ್ಲ. ಶಾಲೆ ನಡೆಸುವವರ ಮೇಲೆ ಕಣ್ಣಿಡುತ್ತದೆ. ಅದಕ್ಕೆ 2006ರಲ್ಲಿ ಹುಟ್ಟಿದ್ದು ಕೆಎಚ್‌ಡಿಎ, ಜ್ಞಾನ ಮತ್ತು ಮಾನವ ಅಭಿವೃದ್ಧಿ ಪ್ರಾಧಿಕಾರ. ಅಬುಧಾಬಿಯಲ್ಲಿ ಈ ಕೆಲಸ ಮೇಲೆ ಹೇಳಿದ ಅಡೆಕ್‌ನದು.

ಕೆಎಚ್‌ಡಿಎ 2008ರಿಂದ ಶಾಲೆಗಳ ತಪಾಸಣೆ ಶುರು ಮಾಡಿತು. ಇನ್‌ಸ್ಪೆಕ್ಟರುಗಳ ತಂಡ ಬರುತ್ತದೆ, ಕೆಲವು ದಿನ ಅಲ್ಲೇ ಇರುತ್ತದೆ, ಕ್ಲಾಸಿನ ಹಿಂದಿನ ಬೆಂಚಿನಲ್ಲಿ ಕೂತು ಪಾಠ ನೋಡುತ್ತದೆ, ಮಕ್ಕಳ ನೋಟ್ಸ್ ತಿರುವುತ್ತದೆ, ಪೋಷಕರ ಅಭಿಪ್ರಾಯ ಕೇಳುತ್ತದೆ. ಕೊನೆಗೆ ಔಟ್‌ಸ್ಟ್ಯಾಂಡಿಂಗ್, ವೆರಿ ಗುಡ್, ಗುಡ್, ಆಕ್ಸೆಪ್ಟಬಲ್, ವೀಕ್, ವೆರಿ ವೀಕ್ ಅಂತ ಆರರಲ್ಲಿ ಒಂದು ದರ್ಜೆ. ವರದಿ ಗುಟ್ಟಾಗಿ ಫೈಲು ಸೇರುವುದಿಲ್ಲ, ಯಾರು ಬೇಕಾದರೂ ವೆಬ್‌ಸೈಟಿನಲ್ಲಿ ಓದಬಹುದು. ಯಾವ ಶಾಲೆಯಲ್ಲಿ ಗಣಿತ ಚೆನ್ನಾಗಿದೆ, ಎಲ್ಲಿ ಅರಬ್ಬಿ ಪಾಠ ಸಪ್ಪೆ, ಎಲ್ಲ ಅದರಲ್ಲಿರುತ್ತದೆ.

ಇದನ್ನು ಕೇಳಿ ಅಪ್ಪಯ್ಯ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಬಿಇಓ ನನ್ನ ಶಾಲೆಗೆ ಬಂದು ಸಂದರ್ಶನ ಪುಸ್ತಕದಲ್ಲಿ ಬರೆದದ್ದನ್ನು ಒಂದೇ ಒಂದು ದಿನ ಒಬ್ಬ ಪೋಷಕ ಓದಿದ್ದಿಲ್ಲ" ಅಂದರು.

ದರ್ಜೆಗೂ ಫೀಸಿಗೂ ನಂಟಿದೆ. ವರ್ಷಕ್ಕೊಮ್ಮೆ ಸರ್ಕಾರ ಶಾಲೆ ನಡೆಸುವ ಖರ್ಚು ಎಷ್ಟು ಏರಿದೆ ಅಂತ ಸೂಚ್ಯಂಕ ಹೊರಡಿಸುತ್ತದೆ. ಉದಾಹರಣೆಗೆ 2023-24ಕ್ಕೆ ಅದು 3% ಇತ್ತು. ದರ್ಜೆ ಉಳಿಸಿಕೊಂಡ ಶಾಲೆ ಅಷ್ಟು ಏರಿಸಬಹುದಿತ್ತು, ದರ್ಜೆ ಮೇಲೇರಿದ ಶಾಲೆಗೆ ಇನ್ನೂ ಹೆಚ್ಚು, ದರ್ಜೆ ಕಳೆದುಕೊಂಡ ಶಾಲೆಗೆ ಸೊನ್ನೆ. ಮನಸ್ಸಿಗೆ ಬಂದ ಹಾಗೆ ಫೀಸು ಏರಿಸುವಂತಿಲ್ಲ. ನಮ್ಮ ಬೆಂಗಳೂರಿನ ಪೋಷಕರು ಇದನ್ನು ಕೇಳಿದರೆ ಹೊಟ್ಟೆ ಉರಿದುಕೊಂಡಾರು!

ಆದರೆ ಇದಕ್ಕೂ ಇನ್ನೊಂದು ಮುಖ ಇದೆ. ಶಾಲೆ ಒಳ್ಳೆಯದಾದಷ್ಟೂ ದುಬಾರಿಯಾಗುತ್ತದೆ. ಸಂಬಳ ಕಡಿಮೆ ಇದ್ದವನ ಮಗು ಆಕ್ಸೆಪ್ಟಬಲ್‌ನಲ್ಲೇ ಉಳಿಯುತ್ತದೆ. ಇನ್‌ಸ್ಪೆಕ್ಟರು ಬರುವ ವಾರ ಟೀಚರುಗಳಿಗೆ ನಿದ್ದೆ ಇಲ್ಲ. 2024-25ರಲ್ಲಿ ಹೊಸ ಶಾಲೆಗಳನ್ನು ಬಿಟ್ಟು ಮಿಕ್ಕವಕ್ಕೆ ಪೂರ್ಣ ತಪಾಸಣೆ ನಿಲ್ಲಿಸಿದಾಗ ಬಹಳ ಶಿಕ್ಷಕರು ಉಸಿರು ಬಿಟ್ಟಿರಬೇಕು.

ಏಪ್ರಿಲ್ ಶಾಲೆ, ಸೆಪ್ಟೆಂಬರ್ ಶಾಲೆ

ಹೊಸಬರಿಗೆ ಗೊಂದಲ ಮಾಡುವ ಸಂಗತಿ ಇದು. ಬ್ರಿಟಿಷ್, ಅಮೆರಿಕನ್, ಸರ್ಕಾರಿ ಶಾಲೆಗಳ ವರ್ಷ ಆಗಸ್ಟ್ ಕೊನೆಗೆ ಶುರು. ಭಾರತೀಯ ಶಾಲೆಗಳದು ಏಪ್ರಿಲ್‌ನಲ್ಲಿ ಶುರುವಾಗಿ ಮಾರ್ಚ್‌ಗೆ ಮುಗಿಯುತ್ತದೆ, ವಯಸ್ಸಿನ ಲೆಕ್ಕ ಮಾರ್ಚ್ 31ಕ್ಕೆ. ಒಂದು ದಿನ ಹೆಚ್ಚುಕಮ್ಮಿ ಆದರೂ ಒಂದು ವರ್ಷ ಕಾಯಬೇಕು. ನಡುವೆ ಜುಲೈ, ಆಗಸ್ಟ್ ಬೇಸಿಗೆ ರಜೆ. 2022ರ ಜನವರಿಯಿಂದ ವಾರದ ರಜೆ ಶನಿವಾರ, ಭಾನುವಾರಕ್ಕೆ ಬಂದು ಶುಕ್ರವಾರ ಅರ್ಧ ದಿನ ಶಾಲೆ ಆಯಿತು. ಶಾರ್ಜಾದಲ್ಲಿ ಮಾತ್ರ ಶುಕ್ರವಾರವೂ ರಜೆ.

ಪಠ್ಯಕ್ರಮ ಸಿಬಿಎಸ್‌ಇ ಆದರೂ ನೆಲದ ಕಾನೂನು ಇಲ್ಲಿಯದು. ಅರಬ್ಬಿ ಕಡ್ಡಾಯ, ಮುಸ್ಲಿಂ ಮಕ್ಕಳಿಗೆ ಇಸ್ಲಾಮಿಕ್ ಸ್ಟಡೀಸ್ ಕಡ್ಡಾಯ. ರಸ್ತೆಯಲ್ಲಿ ಹಳದಿ ಬಸ್ಸು ನಿಂತು 'ಸ್ಟಾಪ್' ಫಲಕ ಚಾಚಿದರೆ ಹಿಂದಿನ ಗಾಡಿ ನಿಲ್ಲಲೇಬೇಕು, ಇಲ್ಲದಿದ್ದರೆ 1000 ದಿರ್ಹಮ್ ದಂಡ, 10 ಬ್ಲ್ಯಾಕ್ ಪಾಯಿಂಟು. ಎಷ್ಟೇ ಅವಸರದ ಲ್ಯಾಂಡ್ ಕ್ರೂಸರ್ ಇದ್ದರೂ ಒಂದು ಪುಟ್ಟ ಮಗು ಬ್ಯಾಗು ಎಳೆದುಕೊಂಡು ಇಳಿಯುವವರೆಗೆ ಕಾಯುತ್ತದೆ. ಈ ದೃಶ್ಯ ನೋಡುವಾಗಲೆಲ್ಲ ನನಗೆ ಈ ಊರಿನ ಮೇಲೆ ಪ್ರೀತಿ ಬರುತ್ತದೆ.

ಹೇಳದೇ ಉಳಿದ ಭಯ

ಅಪ್ಪಯ್ಯನಿಗೆ ನಾನು ಹೇಳದ ಒಂದು ವಿಷಯ ಇದೆ. ಇಲ್ಲಿ ಮಗುವಿನ ಶಾಲೆ ಅಪ್ಪನದೋ ಅಮ್ಮನದೋ ನೌಕರಿಗೆ ಕಟ್ಟಿದ ಹಗ್ಗ. ನೌಕರಿ ಹೋದರೆ ವೀಸಾ ಹೋಗುತ್ತದೆ, ವೀಸಾ ಹೋದರೆ ಶಾಲೆ ಹೋಗುತ್ತದೆ. 2009ರಲ್ಲಿ, ಆಮೇಲೆ 2020ರಲ್ಲಿ, ವರ್ಷದ ನಡುವೆ ಟಿಸಿ ತೆಗೆದುಕೊಂಡು ಊರಿಗೆ ಹೋದ ಮನೆಗಳನ್ನು ನಾವೆಲ್ಲ ನೋಡಿದ್ದೇವೆ. ಸಿಬಿಎಸ್‌ಇ ಇರುವುದರಿಂದ ಗಣಿತ, ವಿಜ್ಞಾನ ಹೇಗೋ ಹೊಂದುತ್ತದೆ. ಹೊಂದದೇ ಇರುವುದು ಕನ್ನಡ. ಕರ್ನಾಟಕದಲ್ಲಿ ಕನ್ನಡ ಕಲಿಕೆಗೆ 2015ರಲ್ಲಿ ಕಾಯಿದೆ ಬಂತು, 2017-18ರಿಂದ ಹಂತಹಂತವಾಗಿ ಜಾರಿ ಶುರುವಾಯಿತು, ಸಿಬಿಎಸ್‌ಇ ಶಾಲೆಗಳನ್ನೂ ಅದರಡಿ ತಂದರು. ಇಲ್ಲಿ ಅರಬ್ಬಿ, ಹಿಂದಿ ಓದಿದ ಏಳನೇ ಕ್ಲಾಸಿನ ಮಗು ಅಲ್ಲಿ ಹೋಗಿ 'ಅ ಆ ಇ ಈ' ಇಂದ ಶುರು ಮಾಡಬೇಕು, ತನ್ನದೇ ಊರಿನಲ್ಲಿ!

ಇದಕ್ಕೆ ಕೆಎಚ್‌ಡಿಎ ಹತ್ತಿರ ಔಷಧಿ ಇಲ್ಲ, ಇರಬೇಕಾಗಿಯೂ ಇಲ್ಲ. ಔಷಧಿ ಹುಡುಕಿಕೊಂಡವರು ಇಲ್ಲಿನ ಕನ್ನಡಿಗರೇ. 2014ರಲ್ಲಿ ಕನ್ನಡ ಮಿತ್ರರು ಸೇರಿ ದುಬೈನಲ್ಲಿ 'ಕನ್ನಡ ಪಾಠಶಾಲೆ' ಶುರು ಮಾಡಿದರು. ಫೀಸಿಲ್ಲ. ಕಲಿಸುವವರು ಸ್ವಯಂಸೇವಕರು. 2025ರ ಡಿಸೆಂಬರ್‌ನಲ್ಲಿ ಪ್ರಧಾನಿ ಮೋದಿ 'ಮನ್ ಕಿ ಬಾತ್'ನಲ್ಲಿ ಈ ಪಾಠಶಾಲೆಯ ಬಗ್ಗೆ ಮಾತಾಡಿದಾಗ ಅದರಲ್ಲಿ ಸಾವಿರಕ್ಕೂ ಹೆಚ್ಚು ಮಕ್ಕಳಿದ್ದರು. 1961ರಲ್ಲಿ ಶಾಲೆ ಕಟ್ಟಿಕೊಂಡವರ ಬುದ್ಧಿಯೇ ಇದು ಅನ್ನಿಸಿತು ನನಗೆ.

ಕೊನೆಗೆ ಉತ್ತರ

ಅಪ್ಪಯ್ಯ, ನಿಮ್ಮ ಪ್ರಶ್ನೆಗೆ ಉತ್ತರ ಇದು. ನಮ್ಮ ಮಕ್ಕಳ ಶಾಲೆ ನಡೆಸುವುದು ಒಂದು ಆಡಳಿತ ಮಂಡಳಿ ಅಥವಾ ಕಂಪನಿ. ಪಾಠ ಗೊತ್ತುಮಾಡುವುದು ದಿಲ್ಲಿಯ ಬೋರ್ಡು. ಲೈಸೆನ್ಸ್, ಫೀಸು, ದರ್ಜೆ ನೋಡುವುದು ದುಬೈ ಸರ್ಕಾರ. ತಪ್ಪಾದರೆ ಮೊದಲು ಶಾಲೆಗೆ, ಬಗೆಹರಿಯದಿದ್ದರೆ ಕೆಎಚ್‌ಡಿಎಗೆ ದೂರು ಕೊಡಬಹುದು. ಸೇರಿಸುವಾಗ ಶಾಲೆಗೂ ಪೋಷಕರಿಗೂ ಒಂದು ಕರಾರು ಪತ್ರವೇ ಆಗಿರುತ್ತದೆ.

ಆದರೆ ಒಂದು ವಿಷಯದಲ್ಲಿ ನಿಮ್ಮ ಶಾಲೆಯೇ ಮುಂದೆ. 2001ರಲ್ಲಿ ಎಸ್‌ಡಿಎಂಸಿ ಬಂದ ಮೇಲೆ ನಿಮ್ಮ ಶಾಲೆಯ ಮೀಟಿಂಗಿನಲ್ಲಿ ಮೀನು ಮಾರುವ ಹೆಂಗಸು ಎದ್ದು ನಿಂತು "ಮೇಷ್ಟ್ರೆ, ಅನ್ನ ಯಾಕೆ ಸರಿ ಬೇಯಲಿಲ್ಲ?" ಅಂತ ಕೇಳಿದ್ದು ನನಗೆ ನೆನಪಿದೆ. ಅವಳು ಅಲ್ಲಿ ಗಿರಾಕಿ ಆಗಿರಲಿಲ್ಲ, ಶಾಲೆ ಅವಳದ್ದಾಗಿತ್ತು. ಇಲ್ಲಿ ನನ್ನ ಕೈಯಲ್ಲಿ ಎಂಬತ್ತು ಪುಟದ ವರದಿ ಇದ್ದರೂ ನಾನು ಗಿರಾಕಿಯೇ.

ನಮ್ಮ ಬಿಇಓಗಳ ವರದಿ ಇಲ್ಲಿಯ ಹಾಗೆ ಎಲ್ಲರ ಕಣ್ಣಿಗೆ ಬೀಳುವಂತಾದರೆ, ಇಲ್ಲಿಯ ಪೋಷಕರಿಗೆ ನಮ್ಮ ಎಸ್‌ಡಿಎಂಸಿಯ ಆ ಹೆಂಗಸಿನ ದನಿ ಬಂದರೆ... ಎಷ್ಟು ಚೆನ್ನಾಗಿರುತ್ತದೆ, ಅಲ್ವಾ? ನೀವೇನಂತೀರಿ?