ಒಂದು ಪಂದ್ಯ, ಎರಡು ಫಲಿತಾಂಶ: ಅಮೆರಿಕದ ಕಾಲೇಜು ಐಸ್ ಹಾಕಿಯಲ್ಲಿ ಅಧಿಕ ಅವಧಿಯ ನಿಯಮಗಳು

ಒಂದೇ ಘಟನೆಗೆ ಅಧಿಕೃತ ದಾಖಲೆಗಳೇ ಎರಡು ಬಗೆಯ ಫಲವನ್ನು ಹೇಳಿದರೆ ಇತಿಹಾಸಕಾರನು ಯಾವುದನ್ನು ನಂಬಬೇಕು? ೨೦೨೦ರ ಫೆಬ್ರವರಿ ೧೦ರಂದು ಬಾಸ್ಟನ್ ನಗರದಲ್ಲಿ ನಡೆದ ಬೀನ್‌ಪಾಟ್ ಪಂದ್ಯಾವಳಿಯ ಅಂತಿಮ ಪಂದ್ಯ ಇಂತಹ ಪ್ರಶ್ನೆಯನ್ನು ಎತ್ತುತ್ತದೆ. ಅದರಲ್ಲಿ ನಾರ್ತ್‌ಈಸ್ಟರ್ನ್ ವಿಶ್ವವಿದ್ಯಾನಿಲಯದ ತಂಡವು ಬಾಸ್ಟನ್ ವಿಶ್ವವಿದ್ಯಾನಿಲಯದ ತಂಡವನ್ನು ೫-೪ ಗೋಲುಗಳಿಂದ ಸೋಲಿಸಿ ಪಾರಿತೋಷಕವನ್ನು ಪಡೆಯಿತು. ಆದರೆ ಆ ಋತುವಿನ ಸೋಲುಗೆಲುವುಗಳ ಪಟ್ಟಿಯಲ್ಲಿ ಅದೇ ಪಂದ್ಯವು ೪-೪ರ ಸಮಫಲವೆಂದು ದಾಖಲಾಗಿದೆ. ಇವೆರಡರಲ್ಲಿ ಯಾವುದೂ ತಪ್ಪಲ್ಲ. ಅದು ಹೇಗೆಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಐಸ್ ಹಾಕಿಯು ಮಂಜುಗಡ್ಡೆಯ ಅಂಗಣದ ಮೇಲೆ ಸ್ಕೇಟುಗಳನ್ನು ತೊಟ್ಟು ಆಡುವ ಆಟ. ಚೆಂಡಿಗೆ ಬದಲಾಗಿ ಪಕ್ ಎಂಬ ರಬ್ಬರಿನ ಬಿಲ್ಲೆಯಿರುತ್ತದೆ. ಸಾಮಾನ್ಯವಾಗಿ ಪ್ರತಿ ತಂಡದಿಂದಲೂ ಒಬ್ಬ ಗೋಲ್‌ಕೀಪರನೂ ಇತರ ಐವರೂ ಅಂಗಣದಲ್ಲಿರುವರು. ತಲಾ ೨೦ ನಿಮಿಷಗಳ ಮೂರು ಅವಧಿಗಳು ಕಳೆದ ಮೇಲೂ ಗೋಲುಗಳು ಸಮವಾಗಿದ್ದರೆ ಅಧಿಕ ಅವಧಿಯನ್ನು ಆಡಿಸುತ್ತಾರೆ. ಅದರಲ್ಲಿ ಮೊದಲ ಗೋಲು ಹೊಡೆದವರದೇ ಜಯ. ಆಟ ಅಲ್ಲಿಗೇ ನಿಲ್ಲುತ್ತದೆ. ಇದಕ್ಕೆ ಸಡನ್ ಡೆತ್ ಎಂದು ಹೆಸರು.

ಈ ಅವಧಿಯು ಎಷ್ಟು ದೀರ್ಘವಾಗಿರಬೇಕೆಂಬುದು ಪಂದ್ಯದ ಉದ್ದೇಶವನ್ನು ಅವಲಂಬಿಸಿದೆ. ಋತುವಿನ ಸಾಮಾನ್ಯ ಪಂದ್ಯದಲ್ಲಿ ಅಂಕಗಳನ್ನು ಹಂಚಿಕೊಳ್ಳಬಹುದು. ಆದುದರಿಂದ ಐದು ನಿಮಿಷಗಳ ಅಧಿಕ ಆಟವೇ ಸಾಕೆನಿಸುತ್ತದೆ. ೨೦೨೦-೨೧ರ ಋತುವಿನಿಂದ ಈ ಐದು ನಿಮಿಷಗಳಲ್ಲಿ ಗೋಲ್‌ಕೀಪರನ ಹೊರತು ಮೂವರೇ ಆಡಬೇಕೆಂಬ ನಿಯಮ ಬಂದಿತು. ಅಂಗಣದಲ್ಲಿ ತೆರಪು ಹೆಚ್ಚಿದಷ್ಟೂ ಗೋಲಿನ ಸಂಭವ ಹೆಚ್ಚು. ಆದರೆ ಸೋತವರು ಹೊರಬೀಳುವ ಪಂದ್ಯಾವಳಿಯಲ್ಲಿ ಒಂದು ತಂಡವು ಮುಂದಕ್ಕೆ ಹೋಗಲೇಬೇಕು. ಅಲ್ಲಿ ಸಮಫಲಕ್ಕೆ ಎಡೆಯಿಲ್ಲ. ಎನ್.ಸಿ.ಎ.ಎ. ಎಂಬ ಕಾಲೇಜು ಕ್ರೀಡಾಸಂಘದ ರಾಷ್ಟ್ರೀಯ ಪಂದ್ಯಾವಳಿಯಲ್ಲಿ ಈಗ ಐವರ ಪೂರ್ಣ ಬಲದಿಂದಲೇ, ೨೦ ನಿಮಿಷಗಳ ಅವಧಿಗಳನ್ನು ಒಂದರ ಮೇಲೊಂದರಂತೆ, ಗೋಲಾಗುವವರೆಗೂ ಆಡಿಸುತ್ತಾರೆ.

ಬಾಸ್ಟನ್ನಿನ ನಾಲ್ಕು ವಿದ್ಯಾಸಂಸ್ಥೆಗಳ ನಡುವೆ ೧೯೫೨ರಲ್ಲಿ ಆರಂಭವಾದ ಬೀನ್‌ಪಾಟ್ ಈ ಎರಡು ಬಗೆಗಳಿಗೂ ಸೇರಿದುದು. ಅದು ನಡೆಯುವುದು ಋತುವಿನ ನಡುವೆ. ಆದರೂ ಪಾರಿತೋಷಕಕ್ಕೆ ಒಬ್ಬನೇ ಒಡೆಯನು ಬೇಕು. ೨೦೨೦ರಲ್ಲಿ ಮೊದಲ ಅಧಿಕ ಅವಧಿಯ ಐದು ನಿಮಿಷಗಳು ಗೋಲಿಲ್ಲದೆ ಕಳೆದೊಡನೆ ಋತುವಿನ ಲೆಕ್ಕಕ್ಕೆ ಪಂದ್ಯ ಮುಗಿಯಿತು. ಪಾರಿತೋಷಕದ ಲೆಕ್ಕಕ್ಕೆ ಮುಗಿದುದು ಎರಡನೆಯ ಅಧಿಕ ಅವಧಿಯಲ್ಲಿ.

ನಿಯಮಗಳು ಕಾಲಕ್ಕೆ ತಕ್ಕಂತೆ ಬದಲಾಗುವುದರಿಂದ ಇನ್ನೊಂದು ಎಚ್ಚರಿಕೆಯೂ ಅವಶ್ಯ. ೧೯೮೪ರಲ್ಲಿ ಲೇಕ್ ಪ್ಲಾಸಿಡ್‌ನಲ್ಲಿ ನಡೆದ ರಾಷ್ಟ್ರೀಯ ಅಂತಿಮ ಪಂದ್ಯವನ್ನು ಬೌಲಿಂಗ್ ಗ್ರೀನ್ ತಂಡವು ಮಿನ್ನೆಸೋಟ ಡುಲೂತ್ ತಂಡದ ಮೇಲೆ ನಾಲ್ಕನೆಯ ಅಧಿಕ ಅವಧಿಯಲ್ಲಿ ಗೆದ್ದಿತು. ೨೦೨೧ರಲ್ಲಿ ಫಾರ್ಗೊ ನಗರದಲ್ಲಿ ಅದೇ ಡುಲೂತ್ ತಂಡವು ನಾರ್ತ್ ಡಕೋಟ ತಂಡವನ್ನು ಐದನೆಯ ಅಧಿಕ ಅವಧಿಯಲ್ಲಿ ೩-೨ರಿಂದ ಸೋಲಿಸಿತು. ನಾಲ್ಕಕ್ಕೂ ಐದಕ್ಕೂ ಇರುವ ಅಂತರ ಅಲ್ಪವೆಂದು ಮೇಲುನೋಟಕ್ಕೆ ತೋರಬಹುದು. ಆದರೆ ಮೊದಲನೆಯದರ ಒಟ್ಟು ಕಾಲ ೯೭ ನಿಮಿಷ ೧೧ ಸೆಕೆಂಡು. ಎರಡನೆಯದರದು ೧೪೨ ನಿಮಿಷ ೧೩ ಸೆಕೆಂಡು. ೯೭ರಲ್ಲಿ ೬೦ನ್ನು ಕಳೆದರೆ ಉಳಿಯುವ ೩೭ ನಿಮಿಷಗಳು ನಾಲ್ಕನೆಯ ಅವಧಿಯನ್ನು ಮುಟ್ಟಬೇಕಾದರೆ ಒಂದೊಂದು ಅವಧಿಯೂ ೧೦ ನಿಮಿಷಗಳದಾಗಿರಬೇಕು. ೧೯೯೧ರ ಅಂತಿಮ ಪಂದ್ಯವೂ ಈ ಲೆಕ್ಕಕ್ಕೇ ಹೊಂದುತ್ತದೆ: ೮೧ ನಿಮಿಷ ೫೭ ಸೆಕೆಂಡು, ಮೂರನೆಯ ಅಧಿಕ ಅವಧಿ. ೨೦೦೦ದಲ್ಲಿ ಸೇಂಟ್ ಲಾರೆನ್ಸ್ ತಂಡವು ಬಾಸ್ಟನ್ ವಿಶ್ವವಿದ್ಯಾನಿಲಯವನ್ನು ನಾಲ್ಕನೆಯ ಅವಧಿಯಲ್ಲಿ ಸೋಲಿಸುವ ವೇಳೆಗೆ ೧೨೩ ನಿಮಿಷಗಳು ಕಳೆದಿದ್ದವು. ಅಷ್ಟರಲ್ಲಿ ಅವಧಿಯು ೨೦ ನಿಮಿಷಗಳಿಗೆ ಬೆಳೆದಿತ್ತೆಂಬುದು ಸ್ಪಷ್ಟ. ನಿಯಮಪುಸ್ತಕವು ಕೈಗೆ ಸಿಕ್ಕದಿದ್ದರೂ ಗಡಿಯಾರದ ಲೆಕ್ಕವೇ ಇಲ್ಲಿ ಸಾಕ್ಷಿ ನುಡಿಯುತ್ತದೆ.

ಆದುದರಿಂದ ದಾಖಲೆಯನ್ನು ಓದುವವನು, ಫಲವೇನೆಂದು ಕೇಳುವ ಮೊದಲು, ಆ ಫಲವನ್ನು ಯಾವ ನಿಯಮದಂತೆ, ಯಾವ ಪ್ರಯೋಜನಕ್ಕಾಗಿ ಬರೆದಿಟ್ಟರೆಂದು ಕೇಳಬೇಕು. ಆಟದ ಅಂಕಪಟ್ಟಿಗೆ ಸಲ್ಲುವ ಈ ಮಾತು ಶಾಸನಗಳಿಗೂ ಕಡತಗಳಿಗೂ ಸಲ್ಲುತ್ತದೆ.